ಹಾಲೆ ಮರದ ಯಜಮಾನರು

ಅವರು ಮರದ ವ್ಯಾಪಾರಿ. ಆದರೆ ಅವರು ಮನಸ್ಸು ಕೊಟ್ಟ ಮರಕ್ಕೆ ವ್ಯಾಪಾರವೇ ಇರಲಿಲ್ಲ.

ಆ ಕಾಲದ ಹುಣಸೂರಿನಲ್ಲಿ ಮರವೆಂದರೆ ತೇಗ, ಬೀಟೆ, ಹೊನ್ನೆ, ಮತ್ತಿ. ಕಾಡಿನ ಕಡೆಯಿಂದ ದಿಮ್ಮಿ ಹೇರಿಕೊಂಡು ಬರುವ ಗಾಡಿಗಳ ಸದ್ದಿಗೇ ಊರು ಏಳುತ್ತಿತ್ತು. ಮನೆ ಕಟ್ಟುವವರು, ಬಾಗಿಲು ಮಾಡಿಸುವವರು ಅವರ ಅಡ್ಡೆಗೆ ಬಂದು ಬೀಟೆ ಕೇಳುತ್ತಿದ್ದರು. ಇವರು ಗಿರಾಕಿಯನ್ನು ಕೂರಿಸಿ, ಮಜ್ಜಿಗೆ ಕೊಡಿಸಿ, ಬೀಟೆಯ ಮಾತು ಶುರುವಾಗುವ ಮೊದಲೇ ಜೇಬಿನಿಂದ ಒಂದು ಬಿಳಿಯ ಬುಗುರಿ ತೆಗೆದು ಮೇಜಿನ ಮೇಲೆ ತಿರುಗಿಸಿಬಿಡುತ್ತಿದ್ದರು.

"ಇದು ಯಾವುದು ಏಳಿ ನೋಡಣ."

"ದಂತವಾ ಯಜಮಾನ್ರೇ?"

"ಆಲೆ ಮರ ಕಣ್ರೀ, ಆಲೆ ಮರ. ನಿಮ್ಮ ಒಲದ ಬೇಲೀಲಿ ನಿಂತದಲ್ಲ, ಅದೇಯ."

ಬಂದವರು ಬುಗುರಿಯನ್ನು ಮಗನಿಗೆಂದು ಜೇಬಿಗೆ ಹಾಕಿಕೊಂಡು, ಬೀಟೆಯನ್ನು ಎದುರಿನ ಅಡ್ಡೆಯಲ್ಲಿ ಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಅವರಿಗೆ ಅದರ ಬೇಸರವೇ ಇರುತ್ತಿರಲಿಲ್ಲ. "ಬುಗುರಿ ನೋಡ್ದಾಗ ಅವನ ಕಣ್ಣು ನೋಡುದ್ರಾ ಮೇಷ್ಟ್ರೇ?" ಎಂದು ನನ್ನನ್ನು ಕೇಳುತ್ತಿದ್ದರು.

ಆ ಊರಿನ ಮಿಡ್ಲ್ ಸ್ಕೂಲಿಗೆ ಮೇಷ್ಟರಾಗಿ ಹೋದಾಗ ನಾನು ಬಾಡಿಗೆಗೆ ಹಿಡಿದದ್ದು ಅವರ ಮನೆಯ ಮುಂದಿನ ಕೋಣೆಯನ್ನು. ಉಚಿತ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು ನಾನು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಗಂಟೆ ಇಲ್ಲದ ಊರಿಗೆ ಬಂದರೂ ಆ ಅಭ್ಯಾಸ ಹೋಗಿರಲಿಲ್ಲ. ಈಗಲೂ ಹೋಗಿಲ್ಲ. ಶನಿವಾರ ಕಪಾಟು ಒರೆಸುವುದು ಅದೇ ಅಭ್ಯಾಸದ ಒಂದು ಭಾಗ. ಮೊನ್ನೆ ಹಾಗೆ ಒರೆಸುವಾಗ ಅವರು ಕಡೆದು ಕೊಟ್ಟ ಪುಟ್ಟ ಭರಣಿ ಕೈಗೆ ಬಂತು. ಒರೆಸಿ ಸ್ವಸ್ಥಾನದಲ್ಲಿ ಇಡಬೇಕಾದವನು ಅದನ್ನು ಹಿಡಿದುಕೊಂಡು ಕುರ್ಚಿಯಲ್ಲಿ ಕೂತು ಒಬ್ಬನೇ ನಗುತ್ತಿದ್ದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಆದರೆ ಅವರನ್ನು ನೆನೆದರೆ ನಗು ಬಿಟ್ಟು ಬೇರೇನೂ ಮೊದಲು ಬರುವುದಿಲ್ಲ.

ಮೊದಲು ಮರದ ವಿಷಯ ಹೇಳಿಬಿಡುತ್ತೇನೆ. ಹಾಲೆ ದೊಡ್ಡ ಮರವಲ್ಲ. ಹೊಲದ ಬದುವಿನಲ್ಲಿ, ಕಲ್ಲುಗುಡ್ಡದ ಬದಿಯಲ್ಲಿ ತನ್ನ ಪಾಡಿಗೆ ಬೆಳೆಯುತ್ತದೆ. ಎಲೆ ಕಿತ್ತರೆ ಹಾಲು ಒಸರುತ್ತದೆ. ತೊಲೆಗೆ ಆಗುವಷ್ಟು ದಪ್ಪವಿಲ್ಲ, ಸೌದೆಗೆ ಹಾಕಿದರೆ ಉರಿಯುವ ಉತ್ಸಾಹವಿಲ್ಲ. ಕೊಯ್ದರೆ ಮಾತ್ರ ಒಳಗೆ ಅಚ್ಚ ಬಿಳುಪು. ಎಳೆ ಕಾಣದು, ಗೆರೆ ಕಾಣದು. ಉಳಿ ಇಟ್ಟರೆ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಹೋಗುತ್ತದೆ. ಚಿಕ್ಕ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಮರವಿಲ್ಲ. ಆದರೆ ಬಿಳುಪು ಉಳಿಯಬೇಕಾದರೆ ಸಂಕ್ರಾಂತಿ ಕಳೆದು ಎಲೆ ಉದುರಿದ ಮೇಲೆ ಕಡಿಯಬೇಕು, ಕಡಿದ ದಿನವೇ ಹಲಗೆ ಕೊಯ್ಯಬೇಕು, ನಡುವೆ ಕಡ್ಡಿ ಕೊಟ್ಟು ನೆರಳಿನಲ್ಲಿ ಗಾಳಿಗೆ ನಿಲ್ಲಿಸಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಯಜಮಾನರೇ. ಇದನ್ನೆಲ್ಲ ಮೀರಿ ಫಜೀತಿಗೆ ಬಿದ್ದವರೂ ಅವರೇ.

ಮರ ಕಡೆಯುವ ಅವರ ಕೈಯಂತ್ರಕ್ಕೆ ಮನೆಯಲ್ಲಿ ಲೇತು ಎನ್ನುತ್ತಿದ್ದರು. ನಾಲ್ಕು ಕಾಲಿನ ಮಣೆಯ ಮೇಲೆ ಎರಡು ಕಂಬ, ನಡುವೆ ತಿರುಗುವ ಒಂದು ಕಬ್ಬಿಣದ ದಂಡ, ದಂಡಕ್ಕೆ ಸುತ್ತಿದ ಹಗ್ಗ. ಒಬ್ಬರು ಹಗ್ಗವನ್ನು ಆಚೆ ಈಚೆ ಎಳೆಯಬೇಕು, ಇನ್ನೊಬ್ಬರು ತಿರುಗುವ ಮರಕ್ಕೆ ಉಳಿ ಹಿಡಿಯಬೇಕು. ಅದು ಇದ್ದದ್ದು ಪಡಸಾಲೆಯ ನಟ್ಟನಡುವೆ. ಅಡ್ಡೆಯಲ್ಲಿ ಇಟ್ಟರೆ ಗಿರಾಕಿಗಳ ಕಾಟ, ಹಿತ್ತಲಿನಲ್ಲಿ ಇಟ್ಟರೆ ಮಳೆ ಎಂಬುದು ಅವರ ವಾದ. ಬೆಳಗಿನ ಲಿಂಗಪೂಜೆ ಮುಗಿಸಿ ನೇರವಾಗಿ ಬಂದು ಲೇತಿನ ಮುಂದೆ ಕೂರುತ್ತಿದ್ದರು. ಹಣೆಯ ಮೇಲೆ ವಿಭೂತಿ. ಸ್ವಲ್ಪ ಹೊತ್ತಿಗೆ ಹುಬ್ಬು, ಮೀಸೆ, ಕಿವಿ ಎಲ್ಲ ಹಾಲೆಯ ಪುಡಿ. ಯಾವುದು ವಿಭೂತಿ ಯಾವುದು ಮರದ ಪುಡಿ ಎಂದು ಶಿವನಿಗೂ ತಿಳಿಯುತ್ತಿರಲಿಲ್ಲ. ಉಳಿಯಿಂದ ಬಿಡುವ ಸುರುಳಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುವುದು, ಆಮೇಲೆ ಅದನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಮರೆತೇಬಿಡುವುದು. ಹಾಗೆಯೇ ಬ್ಯಾಂಕಿಗೂ ಹೋಗಿ ಬರುತ್ತಿದ್ದರು.

ಹಗ್ಗ ಎಳೆಯುವವರು ಸಿಕ್ಕುತ್ತಿರಲಿಲ್ಲ. ಆಳುಗಳು ಎಳೆದರೆ ಒಮ್ಮೆ ಜೋರು, ಒಮ್ಮೆ ನಿಧಾನ. ನಾನು ಬಂದ ಹೊಸತರಲ್ಲಿ ಒಂದು ಬೆಳಗ್ಗೆ ಕುತೂಹಲಕ್ಕೆಂದು ಹಗ್ಗ ಹಿಡಿದೆ. ಮನಸ್ಸಿನಲ್ಲಿಯೇ ಡ್ರಿಲ್ಲಿನ ಲೆಕ್ಕ ಹಾಕಿಕೊಂಡು ಒಂದು, ಎರಡು, ಒಂದು, ಎರಡು ಎಂದು ಎಳೆದೆ. ಅವರು ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಮೇಷ್ಟ್ರೇ, ನೀವು ಮನುಷ್ಯರಲ್ಲ ಕಣ್ರೀ. ಗಡಿಯಾರ."

ಅಂದಿನಿಂದ ಸ್ಕೂಲಿಗೆ ಹೊರಡುವ ಮುಂಚಿನ ನನ್ನ ಅರ್ಧ ಗಂಟೆ ಅವರದಾಯಿತು. ಪ್ರತಿಯಾಗಿ ಅಮ್ಮಾವ್ರ ಕೈಯ ಕಾಫಿ.

ಅಮ್ಮಾವ್ರು ಎಂದರೆ ಅವರ ಹೆಂಡತಿ. ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. ಲೇತನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಮ್ಮಪ್ಪ ಸವತಿ ಇಲ್ಲದ ಮನೆ ಅಂತ ನೋಡಿ ಕೊಟ್ರು ಮೇಷ್ಟ್ರೇ. ನಾಲ್ಕು ಕಾಲಿನೋಳು ಪಡಸಾಲೇಲಿ ಕೂತವ್ಳೆ ಅಂತ ಯಾರೂ ಏಳನಿಲ್ಲ" ಎನ್ನುತ್ತಿದ್ದರು. ಯಜಮಾನರು ಹಲ್ಲು ಬಿಡುತ್ತಿದ್ದರು. ಅವರಿಗೆ ಉತ್ತರ ಕೊಡುವುದು ಬರುತ್ತಿರಲಿಲ್ಲ. ನಗು ಮಾತ್ರ ಬರುತ್ತಿತ್ತು. ಅದೂ ತಡೆಯಲಾರದ ನಗು. ಏನನ್ನೂ ಬಚ್ಚಿಡಲು ಅವರಿಂದ ಆಗುತ್ತಿರಲಿಲ್ಲ. ಹೆಂಡತಿಗೆ ತಿಳಿಯದ ಹಾಗೆ ಒಂದು ಹೊಸ ಉಳಿ ಕೊಂಡು ತಂದರೆ, ಬಾಗಿಲಿನಲ್ಲಿ ಕಾಲಿಡುವ ಮೊದಲೇ ಕಿಸಕ್ಕೆಂದು ನಕ್ಕು ಸಿಕ್ಕಿಬೀಳುತ್ತಿದ್ದರು.

ಮಗಳಿಗೆ ಗಂಡು ಗೊತ್ತಾದದ್ದು ಸಾಲಿಗ್ರಾಮದಲ್ಲಿ. ನಿಶ್ಚಯದ ವೀಳ್ಯಕ್ಕೆ ಗಂಡಿನ ಕಡೆಯವರು ಎರಡು ಗಾಡಿಯಲ್ಲಿ ಬಂದರು. ಗಂಡಿನ ತಂದೆ ಗದ್ದೆ ಇದ್ದ ಕುಳ. ದಪ್ಪ ಮೀಸೆ, ಮಿತವಾದ ಮಾತು, ಚದುರಂಗದ ಹುಚ್ಚು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಆದರೆ ಲೇತು ಅಲ್ಲೇ ಇತ್ತು. ಬಂದವರು ಅದರ ಸುತ್ತ, ಪ್ರಸಾದಕ್ಕೆ ಕಾಯುವವರ ಹಾಗೆ ಕೂತರು. ಬೀಗಿತ್ತಿಯ ರೇಷ್ಮೆ ಸೆರಗು ಅದರ ಮೊಳೆಗೆ ಸಿಕ್ಕಿ ಪರ್ರೆಂದಿತು. ಅಮ್ಮಾವ್ರ ಮುಖ ನೋಡಲಾಗಲಿಲ್ಲ.

ಮಾತು ತಿರುಗಿಸಲು ಯಜಮಾನರು ಬುಗುರಿ ತೆಗೆದರು. ಬೀಗರು ಅದನ್ನು ನೋಡಿದರು, ಹಾಲೆ ಎಂದು ಕೇಳಿದರು, ಮೀಸೆಯ ಕೆಳಗೆ ನಕ್ಕರು.

"ಆಲೆಯಾ? ನಮ್ಮೂರಲ್ಲಿ ಅದನ್ನ ನೀರೊಲೆಗೂ ಆಕಾಕಿಲ್ಲ ಬೀಗ್ರೇ."

ಯಜಮಾನರು ಎದ್ದು ನಿಂತರು. "ಮದುವೆ ದಿನ ನಿಮ್ಮ ಕೈಗೆ ಈ ಮರದ ಚದುರಂಗ ಕೊಡ್ತೀನಿ. ದಂತ ನಾಚ್ಕಂಡು ಮೂಲೇಲಿ ಕೂರಬೇಕು. ಬಿಳೀ ಕಾಯಲ್ಲಿ ಒಂದು ಮಚ್ಚೆ ಇದ್ರೆ ಕೇಳಿ."

"ಇದ್ರೆ?" ಕೇಳಿದ್ದು ಬೀಗರಲ್ಲ. ಅಡುಗೆ ಮನೆಯ ಬಾಗಿಲಿನಲ್ಲಿ ನಿಂತಿದ್ದ ಅಮ್ಮಾವ್ರು.

ಯಜಮಾನರು ಲೇತಿನ ಕಡೆ ಒಮ್ಮೆ ನೋಡಿದರು. "ಇದ್ರೆ ಲೇತು ಒಸ್ತಿಲು ದಾಟ್ಲಿ. ಮತ್ತೆ ಒಳೀಕೆ ತರಾಕಿಲ್ಲ."

"ಬೀಗ್ರು ಸಾಕ್ಷಿ," ಎಂದರು ಅಮ್ಮಾವ್ರು. "ಮೇಷ್ಟ್ರು ಸಾಕ್ಷಿ. ಈ ಅರಿದ ಸೆರಗೂ ಸಾಕ್ಷಿ."

ಎಲ್ಲರೂ ನಕ್ಕರು. ಯಜಮಾನರ ನಗು ಮಾತ್ರ ಸ್ವಲ್ಪ ತಡವಾಗಿ ಬಂತು. ಲೇತು ಮನೆಯಿಂದ ಹೊರಗೆ ಬಿದ್ದರೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದರೆ ಗುಜರಿಗೆ ಹೋಗುತ್ತದೆ. ಇದು ಅವರಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಆಮೇಲೆ ಅವರು ಬೆಳಗ್ಗೆ ಎದ್ದು ಮಾಡುವುದಾದರೂ ಏನು? ಬೀಟೆ ಮಾರುವುದೇ? ಆ ಯೋಚನೆಯೇ ಅವರಿಗೆ ಸಹಿಸದು.

ಬೀಗರು ಹೊರಟಾಗ ಒಬ್ಬೊಬ್ಬರ ಕೈಗೂ ಒಂದೊಂದು ಹಾಲೆಯ ಸಾಮಾನು ಕೊಟ್ಟರು. ಬುಗುರಿ, ಭರಣಿ, ಬಾಚಣಿಗೆ, ಸೌಟು. ಗಾಡಿ ಹೊಡೆಯುವವರಿಗೂ ಕೊಟ್ಟರು. ಆ ಉತ್ಸಾಹದಲ್ಲಿ ಒಂದು ವಾರ ಊರಿನವರಿಗೂ ಕಡೆದು ಹಂಚಿದರು. ಅದು ಮುಗಿಯುವ ಹೊತ್ತಿಗೆ ಮನೆಯಲ್ಲಿ ಒಣಗಿದ ಹಾಲೆಯ ಒಂದು ತುಂಡೂ ಉಳಿದಿರಲಿಲ್ಲ. ಮದುವೆ ಶ್ರಾವಣದ ಕೊನೆಯಲ್ಲಿ. ಆಗಲೇ ಮುಂಗಾರು ಹಿಡಿದಿತ್ತು.

"ಮಳೇಲಿ ಕಡೀಬಾರದು ಅಂತ ನೀವೇ ಹೇಳಿದ್ದಲ್ಲವೇ?" ಎಂದೆ.

"ಕಡೀಬಾರದು ಕಣ್ರೀ. ಅದ್ಕೇ ಬೇಗ ಕಡ್ದು ಬೇಗ ತರಣ ಬನ್ನಿ," ಎಂದರು.

ಒಂದು ಭಾನುವಾರ ವೀರನಹೊಸಹಳ್ಳಿಯ ಕಡೆಗೆ ಹೊರಟೆವು. ಅಲ್ಲಿ ಅವರಿಗೆ ಗುರುತಿನ ಒಬ್ಬ ರೈತರ ಬದುವಿನಲ್ಲಿ ಹಾಲೆಯ ಮರವೊಂದು ನೆಟ್ಟಗೆ, ತೆಂಗಿನ ಮರದಷ್ಟು ನೆಟ್ಟಗೆ ನಿಂತಿತ್ತು. ಯಜಮಾನರು ಅದರ ಸುತ್ತ ಮೂರು ಸುತ್ತು ಬಂದರು, ಕೈಮುಗಿದರು, ಆಮೇಲೆ ಕೊಡಲಿ ಹಾಕಿಸಿದರು. ಏಟು ಬಿದ್ದಲ್ಲೆಲ್ಲ ಹಾಲು ಜಿನುಗಿತು. ಮರ ಉರುಳಿದಾಗ ಕಡಿದ ಮುಖ ಎಷ್ಟು ಬೆಳ್ಳಗಿತ್ತೆಂದರೆ ಆ ಮೋಡದ ಸಂಜೆಯಲ್ಲಿ ಅಲ್ಲೊಂದು ದೀಪ ಇಟ್ಟ ಹಾಗೆ ಕಂಡಿತು. ಯಜಮಾನರು ಕೆಸರಿನಲ್ಲಿ ಮಂಡಿಯೂರಿ ಕೆನ್ನೆ ಇಟ್ಟರು.

ಗಾಡಿ ಸಿದ್ಧವಾಗಿತ್ತು. ಆದರೆ ದಿಮ್ಮಿಯನ್ನು ಬದುವಿನಿಂದ ರಸ್ತೆಗೆ ಉರುಳಿಸುವಷ್ಟರಲ್ಲಿ ಮಳೆ ಬಂತು, ಕತ್ತಲಾಗುವ ಹಾಗಾಯಿತು. ನಾಳೆ ಬೆಳಗ್ಗೆಯೇ ಹೇರಿ ಕಳಿಸುತ್ತೇನೆಂದು ರೈತರು ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಸೋಮವಾರ.

ಸೋಮವಾರ ಆ ಕಡೆಯ ಒಕ್ಕಲು ಮನೆಗಳಲ್ಲಿ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಉಳುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಎತ್ತುಗಳ ಮೈ ತೊಳೆದು ಮೇಯಲು ಬಿಡುತ್ತಾರೆ. ರೈತರು ಸಂಕೋಚದಿಂದ ತಲೆ ಕೆರೆದುಕೊಂಡರು. "ಯಜಮಾನ್ರೇ, ನಿಮ್ಮ ಅವಸರ ನೋಡುದ್ರೆ... ಬೇಕಾದ್ರೆ ಕಟ್ತೀನಿ."

"ಬ್ಯಾಡಿ," ಎಂದರು ಯಜಮಾನರು ತಕ್ಷಣ. "ನನ್ನ ಚದುರಂಗಕ್ಕೋಸ್ಕರ ಬಸವಣ್ಣನ ಕೊರಳಿಗೆ ನೊಗ ಇಟ್ರೆ ನನಗೆ ಊಟ ಸೇರಾಕಿಲ್ಲ. ಮಂಗಳವಾರ ತನ್ನಿ."

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ದಿಮ್ಮಿ ಸೀಳೀತೆಂಬ ಭಯ ಅವರಿಗೆ. ಅವರ ಹಿಂದಿನ ತಲೆಮಾರಿನವರು ವೀಳ್ಯದೆಲೆಯ ವ್ಯಾಪಾರಸ್ಥರು. ಎಲೆಯ ಪೆಂಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಾಳೆಲೆ ಹೊದಿಸಿ ಇಟ್ಟರೆ ಎಷ್ಟು ದಿನವಾದರೂ ಬಾಡದೆಂಬುದು ಅವರಿಗೆ ಎದೆಹಾಲಿನ ಜೊತೆ ಬಂದ ವಿದ್ಯೆ. ಬಾಡದ್ದು ಸೀಳುವುದೂ ಇಲ್ಲವೆಂದು ಅವರ ಲೆಕ್ಕ. ಬುಡದಿಂದ ತುದಿಯವರೆಗೆ ಒದ್ದೆ ಗೋಣಿ ಸುತ್ತಿಸಿದರು, ಮೇಲೆ ಬಾಳೆಲೆ ಕಟ್ಟಿಸಿದರು. ಬಾಣಂತಿಯನ್ನು ಬೆಚ್ಚಗೆ ಮಲಗಿಸಿದಂತೆ ಮಲಗಿಸಿ, ತಲೆಯ ಕಡೆ ಒಮ್ಮೆ ತಟ್ಟಿ ಬಂದರು.

ಮಂಗಳವಾರ ಗಾಡಿ ಬರಲಿಲ್ಲ; ದಾರಿಯ ಹಳ್ಳ ತುಂಬಿತ್ತು. ಬುಧವಾರವೂ ತುಂಬಿತ್ತು. ಹಳ್ಳ ಇಳಿದ ಮೇಲೆ ಒಂದು ಚಕ್ರದ ಕೀಲು ಮುರಿಯಿತು. ಅಂತೂ ದಿಮ್ಮಿ ಹುಣಸೂರಿಗೆ ಬರುವ ಹೊತ್ತಿಗೆ ಮುಂದಿನ ಸೋಮವಾರ ಹತ್ತಿರವಾಗಿತ್ತು. ಯಜಮಾನರು ದಿನವೂ ಸೇತುವೆಯ ತನಕ ನಡೆದು ಹೋಗಿ ದಾರಿ ನೋಡಿ ಬರುತ್ತಿದ್ದರು.

ಅಡ್ಡೆಯಲ್ಲಿ ಮರ ಕೊಯ್ಯುವವರು ಮಲೆಯಾಳದ ಕಡೆಯವರು. ಹಿರಿಯರನ್ನು ಎಲ್ಲರೂ ಕಾಕ ಎನ್ನುತ್ತಿದ್ದೆವು. ಗುಂಡಿಯ ಮೇಲೆ ದಿಮ್ಮಿ ಏರಿಸಿ, ಮೇಲೊಬ್ಬರು ಕೆಳಗೊಬ್ಬರು ನಿಂತು ಗರಗಸ ಎಳೆದರು. ಮೊದಲ ಹಲಗೆ ಬಿಚ್ಚಿಕೊಂಡಿತು. ಕಾಕ ಗರಗಸ ನಿಲ್ಲಿಸಿದರು.

"ಯಜಮಾನ್ರೇ, ಇದೆಂದಾ, ಇದೇನಿದು? ಒಳಗೆ ಮಳೆ ಮೋಡ ಉಂಟಲ್ಲ."

ನಿಜವೇ. ಹಾಲಿನಲ್ಲಿ ಮಸಿ ಸುರಿದ ಹಾಗೆ ಹಲಗೆಯ ತುಂಬ ನೀಲಿ. ಬೂದು ಬೆರೆತ, ಮೋಡದ ಹೊಟ್ಟೆಯಂಥ ನೀಲಿ. ಹಸಿಮರದ ಹಾಲು ಒದ್ದೆ ಗೋಣಿಯ ಸೆಕೆಯಲ್ಲಿ ಕೆಟ್ಟು ಒಳಗೆಲ್ಲ ಹರಡಿತ್ತು. ವೀಳ್ಯದೆಲೆಯನ್ನು ಉಳಿಸುವ ವಿದ್ಯೆ ಹಾಲೆಯನ್ನು ಮುಗಿಸಿತ್ತು.

ಯಜಮಾನರು ಪಕ್ಕದ ಬೀಟೆಯ ದಿಮ್ಮಿಯ ಮೇಲೆ ಕೂತರು. ಅವರು ಬೀಟೆಯ ಮೇಲೆ ಕೂತದ್ದನ್ನು ನಾನು ಕಂಡದ್ದು ಆಗಲೇ ಮೊದಲು. ನಗು ಬರಲಿಲ್ಲ. ಸುದ್ದಿ ತಿಳಿದು ಅಮ್ಮಾವ್ರು ಹಿತ್ತಲ ಬಾಗಿಲಿನಿಂದ ಬಂದರು. ಹಲಗೆ ನೋಡಿದರು, ಗಂಡನನ್ನು ನೋಡಿದರು.

"ಮಚ್ಚೆ ಇದ್ರೆ ಕೇಳಿ ಅಂದ್ರಿ," ಎಂದರು. "ಇದ್ರಲ್ಲಿ ಮರ ಎಲ್ಲದೆ ಅಂತ ಕೇಳ್ಬೇಕು."

ಹಾಗೆಂದು ಒಳಗೆ ಹೋಗಿ ಕಾಫಿ ಮಾಡಿ ಕಳಿಸಿದರು. ಹೇಳಿ ಕಳಿಸದಿದ್ದರೂ ಬೆಲ್ಲ ಜಾಸ್ತಿ ಹಾಕಿದ್ದರು.

ಕಾಕ ದಿಮ್ಮಿಯನ್ನು ಇನ್ನೂ ಕೊಯ್ಯುತ್ತಲೇ ಇದ್ದರು. ತುದಿಯ ತುಂಡಿಗೆ ಬಂದಾಗ ಮತ್ತೆ ನಿಲ್ಲಿಸಿದರು. ಅಲ್ಲಿ ನೀಲಿ ಗೆರೆ ಎಳೆದ ಹಾಗೆ ನಿಂತಿತ್ತು. ಆಚೆಗೆ ಒಂದು ಮೊಳದಷ್ಟು ಮರ ಅಚ್ಚ ಬಿಳಿ. ಗಾಡಿ ಹೊಡೆದುಕೊಂಡು ಬಂದ ರೈತರು ಅದನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

"ಅದು ನಮ್ಮ ಎತ್ತಿನ ಕೆಲಸ ಸ್ವಾಮಿ. ಸೋಮವಾರ ಮೇಯಾಕೆ ಬುಟ್ಟಿದ್ನಲ್ಲ, ಆ ಕಡೆ ಬಾಳೆಲೆ ಎಲ್ಲಾ ತಿಂದಾಕ್ತು. ಗೋಣಿನೂ ಎಳ್ದಾಕ್ತು. ನೀವು ಬೈತೀರಾ ಅಂತ ಏಳನಿಲ್ಲ."

ಹೊದಿಕೆ ಹೋದ ತುದಿ ಗಾಳಿಗೆ ಆರಿ ಉಳಿದಿತ್ತು. ಯಜಮಾನರ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾರೇನೋ ಎಂದುಕೊಂಡೆ. ಕಿಸಕ್ಕೆಂದು ಸದ್ದು ಬಂದಾಗ ತಿಳಿಯಿತು. ನಗು ಏರಿ ಏರಿ ಅವರು ದಿಮ್ಮಿಯಿಂದ ಜಾರಿ ಮರದ ಪುಡಿಯ ಮೇಲೆ ಕೂತುಬಿಟ್ಟರು.

"ಮೇಷ್ಟ್ರೇ, ಚದುರಂಗಕ್ಕೆ ದಂಡು ಎಷ್ಟು?"

"ಎರಡು."

"ಇನ್ನೊಂದು ದಂಡಿಗೆ ನಾನು ಬೀಟೆ ಆಕ್ಬೇಕು ಅಂತಿದ್ದೆ. ಥೂ. ನೋಡಿ, ಬಸವಣ್ಣ ಎರಡೂ ದಂಡು ಒಂದೇ ಮರದಾಗೆ ಮಡಗಿ ಕೊಟ್ಟವ್ನೆ."

ಅಲ್ಲಿಂದ ಮದುವೆಯ ತನಕ ನನ್ನ ದಿನಚರಿ ಎಂಬುದು ಉಳಿಯಲಿಲ್ಲ. ಹಲಗೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ಹಿಡಿಯುತ್ತದೆ, ಅಂಗಳದಲ್ಲಿ ಮಳೆ. ಮನೆಯಲ್ಲಿ ಗಾಳಿ ಆಡುವ ಒಣ ಕೋಣೆ ನನ್ನದೇ. ಗೋಡೆಗೆ ಒರಗಿಸಿ, ಕಡ್ಡಿ ಕೊಟ್ಟು, ಮಂಚದ ಸುತ್ತ ನಿಲ್ಲಿಸಿದರು. ನಾನು ಬಿಳಿಯ ಹಲಗೆ ಒಂದು ಕಡೆ, ನೀಲಿಯ ಹಲಗೆ ಒಂದು ಕಡೆ ಇಟ್ಟುಕೊಂಡು ರಣರಂಗದ ಮಧ್ಯೆ ಮಲಗಿದೆ. ಯಜಮಾನರು ಬೆಳಗ್ಗೆ ಬಾಗಿಲು ತಟ್ಟಿ, "ಎದ್ದವಾ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಹಲಗೆಗಳನ್ನು.

ಒಣಗಿದಷ್ಟು ಒಣಗಿದ ಮೇಲೆ ಕಡೆತ ಶುರುವಾಯಿತು. ನಾನು ಒಂದು, ಎರಡು ಎಂದು ಎಳೆದೆ, ಅವರು ಉಳಿ ಹಿಡಿದರು. ರಾಜ, ಮಂತ್ರಿ, ಆನೆ, ಒಂಟೆ, ಕಾಲಾಳು ಎಲ್ಲವೂ ಸರಾಗ. ಕೇದಗೆ ಎಲೆಯಲ್ಲಿ ತಿಕ್ಕಿ ನಯ ಮಾಡಿದಾಗ ಬಿಳಿಯವು ನೆನೆಸಿದ ಅಕ್ಕಿಯ ಹಾಗೆ, ನೀಲಿಯವು ಹೊಳೆಯ ಕಲ್ಲಿನ ಹಾಗೆ ಮಿನುಗಿದವು. ಕುದುರೆ ಮಾತ್ರ ಕಡೆಯಲು ಬರುವುದಿಲ್ಲ, ಕೈಯಲ್ಲಿ ಕೆತ್ತಬೇಕು. ಯಜಮಾನರು ಕೆತ್ತಿದ ಮೊದಲ ಕುದುರೆಯನ್ನು ಅಮ್ಮಾವ್ರು ಬೆಳಕಿಗೆ ಹಿಡಿದು ನೋಡಿದರು.

"ಇದಕ್ಕೆ ಕಡ್ಲೆ ಸೊಪ್ಪು ಆಕ್ಲಾ?"

"ಯಾಕಮ್ಮೀ?"

"ಆಡಲ್ವಾ ಇದು?"

ನಾಲ್ಕು ಕುದುರೆಗಳಲ್ಲಿ ಎರಡು ಆಡಿನ ಜಾತಿ, ಒಂದು ನಾಯಿಯ ಜಾತಿ. ಕೊನೆಯದಕ್ಕೆ ಮಾತ್ರ ಕುದುರೆಯ ಲಕ್ಷಣವಿತ್ತು. ಅದರ ಕಿವಿ ಮುರಿಯಿತು. ಅಮ್ಮಾವ್ರು ಲೇತಿನ ಹತ್ತಿರ ಅಷ್ಟು ಹೊತ್ತು ನಿಂತದ್ದು ನಾನು ನೋಡಿದ ಮಟ್ಟಿಗೆ ಆಗಲೇ ಮೊದಲು. ನಾನು ಅದನ್ನು ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ನಕ್ಕು ಕೆಡಿಸುತ್ತಿದ್ದರು.

ಬಿಳಿಯ ಮರ ಒಂದು ಮೊಳ. ಲೆಕ್ಕ ಹಾಕಿ, ತುಂಡು ತುಂಡಾಗಿ ಉಳಿಸಿ ಕಡೆದರೂ ಕೊನೆಗೆ ಒಂದು ಕಾಲಾಳಿಗೆ ಮರ ಸಾಲಲಿಲ್ಲ. ಉಳಿದದ್ದು ಗೆರೆಯ ಮೇಲಿನ ತುಂಡು, ಅರ್ಧ ಆ ಕಡೆ, ಅರ್ಧ ಈ ಕಡೆ. ಅದನ್ನೇ ಕಡೆದರು. ಮೈಯೆಲ್ಲ ಬಿಳಿ, ತಲೆಯ ಮೇಲೆ ಮಾತ್ರ ನೀಲಿ. ಮಚ್ಚೆ ಎಂದರೆ 'ಇಲ್ಲಿದ್ದೇನೆ' ಎನ್ನುವಂಥ ಮಚ್ಚೆ.

"ಸುಣ್ಣದ ನೀರು ಹಚ್ಚಿದರೆ ಕಾಣುವುದಿಲ್ಲ," ಎಂದೆ.

"ಬೀಗರು ಕೈಗೆ ತಗಂಡ ತಕ್ಷಣ ನಾನು ನಕ್ಕುಬುಡ್ತೀನಿ ಮೇಷ್ಟ್ರೇ," ಎಂದರು. "ನನ್ನ ಕೈಲಿ ಆಗಾಕಿಲ್ಲ." ಅಂದು ಲೇತಿಗೆ ಎಣ್ಣೆ ಹಚ್ಚಿ, ಹಗ್ಗ ಬಿಚ್ಚಿ ಸುರುಳಿ ಸುತ್ತಿ, ಒಂದು ಹಳೆಯ ಪಂಚೆ ಹೊದಿಸಿದರು. ದೂರದ ಊರಿಗೆ ಹೊರಟವರ ಗಂಟು ಕಟ್ಟಿದ ಹಾಗಿತ್ತು.

ಮದುವೆಯ ದಿನ ಬಂತು. ಮಳೆಗೆ ಹೂವಿಲ್ಲದೆ ಪೇಟೆಯೇ ಬರಿದಾಗಿದ್ದರೂ ನಮ್ಮ ಚಪ್ಪರದ ತುಂಬ ಮಲ್ಲಿಗೆಯ ಮಾಲೆ. ಹತ್ತಿರ ಹೋದವರಿಗೆ ಮಾತ್ರ ತಿಳಿಯುತ್ತಿತ್ತು: ಎಲ್ಲವೂ ಹಾಲೆಯ ಸುರುಳಿ, ದಾರದಲ್ಲಿ ಪೋಣಿಸಿದ್ದು. ಗಂಡಿನ ಕಡೆಯ ಒಬ್ಬ ಅಜ್ಜಿ ಒಂದನ್ನು ಕಿತ್ತು ಮುಡಿದುಕೊಂಡು, ಘಮವೇ ಇಲ್ಲವಲ್ಲ ಎಂದು ಹೂವಾಡಗಿತ್ತಿಯನ್ನು ಬೈದಳು.

ಧಾರೆ ಮುಗಿದು ಊಟವಾದ ಮೇಲೆ ಪಡಸಾಲೆಯಲ್ಲಿ ಬೀಗರ ಮುಂದೆ ಹಲಗೆ ಹಾಕಿದರು. ಅಮ್ಮಾವ್ರು ಅದೇ ಅಡುಗೆ ಮನೆಯ ಬಾಗಿಲಿನಲ್ಲಿ ನಿಂತರು. ಯಜಮಾನರು ಪೆಟ್ಟಿಗೆ ತೆರೆದು, ರಾಜನನ್ನಲ್ಲ, ಮಂತ್ರಿಯನ್ನಲ್ಲ, ಆ ಕಾಲಾಳನ್ನೇ ಮೊದಲು ತೆಗೆದು ಬೀಗರ ಅಂಗೈ ಮೇಲೆ ಇಟ್ಟರು.

"ಮಚ್ಚೆ ಅದೆ ಬೀಗ್ರೇ. ಮೊದಲೇ ತೋರಿಸ್ಬುಟ್ಟೆ."

ಬೀಗರು ಕಾಲಾಳನ್ನು ತಿರುಗಿಸಿ ನೋಡಿದರು. ಉಳಿದ ಕಾಯಿಗಳನ್ನು ಒಂದೊಂದಾಗಿ ತಾವೇ ತೆಗೆದು ಮನೆಗಳಲ್ಲಿ ಇಟ್ಟರು. ಆಡುಮುಖದ ಕುದುರೆಗೆ ಮೀಸೆ ಸ್ವಲ್ಪ ಅಲುಗಿತು. ನೀಲಿಯ ದಂಡನ್ನು ನಿಲ್ಲಿಸಿದ ಮೇಲೆ ಬಹಳ ಹೊತ್ತು ಅದನ್ನೇ ನೋಡಿದರು.

"ಇದು ಯಾವ ಬಣ್ಣ ಆಕಿದ್ರಿ?"

"ಬಣ್ಣ ಇಲ್ಲ. ಮಳೆ."

"ನನ್ನ ಜನ್ಮದಲ್ಲಿ ಇಂಥ ಕಾಯಿ ನೋಡಿಲ್ಲ," ಎಂದರು ಬೀಗರು. ಆಮೇಲೆ ಕಾಲಾಳನ್ನು ಬಿಳಿಯ ಸಾಲಿನ ಕೊನೆಗೆ ನಿಲ್ಲಿಸಿ, "ಇವನು ನಿಮ್ಮ ಕಡೆಯೋನು. ನಮ್ಮ ಕಡೆ ರುಮಾಲು ಸುತ್ಕಂಡು ಬೀಗರೂಟಕ್ಕೆ ಒಂಟವ್ನೆ," ಎಂದರು.

ಪಡಸಾಲೆಯೆಲ್ಲ ನಕ್ಕಿತು. ನಗು ನಿಂತ ಮೇಲೆ ಬಾಗಿಲಿನಿಂದ ಅಮ್ಮಾವ್ರ ದನಿ ಬಂತು.

"ಬೀಗ್ರೇ, ಅದು ಮಚ್ಚೆಯೋ ಅಲ್ವೋ?"

ಬೀಗರು ನ್ಯಾಯವಂತರು. "ಮಚ್ಚೆಯೇ ಅಮ್ಮ."

"ಅಂಗಾರೆ ಲೇತು ಎತ್ತಿ."

ನಾಲ್ಕು ಜನ ಎದ್ದರು. ಹೊದಿಸಿದ್ದ ಪಂಚೆ ತೆಗೆದು, ಆ ಭಾರವನ್ನು ಎತ್ತಿ ಹೊಸ್ತಿಲ ತನಕ ತಂದರು. ಯಜಮಾನರು ಕೂತಲ್ಲಿಂದ ಏಳಲಿಲ್ಲ. ತಲೆ ಬಗ್ಗಿಸಿ ಅಂಗೈಯಲ್ಲಿನ ಬುಗುರಿಯನ್ನು ಉಜ್ಜುತ್ತಿದ್ದರು. ಹೊತ್ತವರಲ್ಲಿ ಒಬ್ಬರು ಕೇಳಿದರು: "ಎಲ್ಲಿಗೆ ಅಮ್ಮಾವ್ರೇ? ಕೊಟ್ಟಿಗೆಗಾ?"

ಅಮ್ಮಾವ್ರು ಗಂಡನ ಕಡೆ ನೋಡಿದರು. ಮದುವೆಯ ಹೊಸ ಅಂಗಿ, ಜರಿಯ ಶಲ್ಯ, ಹಣೆಯ ಮೇಲೆ ಸ್ಪಷ್ಟವಾದ ವಿಭೂತಿ. ಮರದ ಪುಡಿಯಿಲ್ಲದ ಆ ಮುಖವನ್ನು ಅವರೂ ಬಹಳ ವರ್ಷಗಳ ಮೇಲೆ ನೋಡುತ್ತಿದ್ದರೇನೋ.

"ಕೊಟ್ಟಿಗೇಲಿ ಕತ್ಲೆ," ಎಂದರು. "ಜಗಲಿ ಮೇಲೆ ಮಡಗಿ. ಅಲ್ಲಿ ಬೆಳಕು ಚೆನ್ನಾಗದೆ."

ಯಜಮಾನರು ತಲೆ ಎತ್ತಿದರು. ಕಿಸಕ್ಕೆಂದರು. ನಾನು ಆವತ್ತು ಎಷ್ಟು ಹೊತ್ತಿಗೆ ಊಟ ಮಾಡಿದೆ, ಎಷ್ಟು ಹೊತ್ತಿಗೆ ಮಲಗಿದೆ ಎಂಬುದು ಈವರೆಗೂ ನೆನಪಿಗೆ ಬಂದಿಲ್ಲ. ನೆನಪಿರುವುದು ಇಷ್ಟೇ: ಚಪ್ಪರದಡಿ ಜಗಲಿಯ ಮೇಲೆ ಲೇತು, ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಹಗ್ಗ ಹಿಡಿದ ಸಾಲಿಗ್ರಾಮದ ಬೀಗರು, ಪಕ್ಕದಲ್ಲಿ ಒಂದು, ಎರಡು ಎಂದು ಕೂಗುತ್ತಿದ್ದ ನಾನು. ಬೀಗರು ಎಳೆದದ್ದು ಮಾತ್ರ ನಾನು ಕೂಗದ ಮೂರನೆಯ ಲೆಕ್ಕಕ್ಕೆ. ನೀಲಿಯ ಸುರುಳಿ ಅವರ ಮೀಸೆಗೆ ಸಿಕ್ಕಿಕೊಂಡಿತ್ತು. ಗಾಡಿ ಕಟ್ಟಿ ಆಯಿತು, ಹೆಣ್ಣು ಕಳಿಸುವ ಹೊತ್ತು ಮೀರುತ್ತದೆ ಎಂದು ಯಾರೋ ಕೂಗುತ್ತಿದ್ದರು. ಗಾಡಿಯಲ್ಲಿ ಕೂತ ಮದುಮಗಳು ಅಳುವುದನ್ನು ಬಿಟ್ಟು ನಗುತ್ತಿದ್ದಳು.

ಜಗಲಿಗೆ ಬಂದ ಮೇಲೆ ಲೇತು ಬೀದಿಯ ಸ್ವತ್ತಾಯಿತು. ಸಂತೆಗೆ ಬಂದವರು ಚೀಲ ಇಳಿಸಿ ಹಗ್ಗ ಎಳೆದು ಹೋಗುತ್ತಿದ್ದರು. ಅಮ್ಮಾವ್ರ ಪಡಸಾಲೆ ಅಮ್ಮಾವ್ರಿಗೆ ಸಿಕ್ಕಿತು. ಆದರೆ ಅವರು ಕೂರುತ್ತಿದ್ದದ್ದು ಜಗಲಿಯಲ್ಲೇ, ಸೊಪ್ಪು ಬಿಡಿಸುವ ನೆಪದಲ್ಲಿ.

ಒಂದು ಸಂಕಟ ಮಾತ್ರ ಉಳಿಯಿತು. ಬೀಗರು ತಮ್ಮ ಸ್ನೇಹಿತರೊಬ್ಬರಿಗೆ ಅಂಥದೇ ನೀಲಿಯ ಚದುರಂಗ ಬೇಕೆಂದು ಹೇಳಿ ಕಳಿಸಿದರು. ಯಜಮಾನರು ಎದೆ ತಟ್ಟಿ ಒಪ್ಪಿಕೊಂಡರು. ಮುಂದಿನ ಮಳೆಗೆ ಭಾನುವಾರವೇ ಮರ ಕಡಿಸಿದರು, ಒದ್ದೆ ಗೋಣಿ ಸುತ್ತಿಸಿದರು, ಬಾಳೆಲೆ ಹೊದಿಸಿದರು, ಸೋಮವಾರ ಕಾದರು. ಮರ ಹಳದಿಗೆ ತಿರುಗಿತು. ಅದರ ಮುಂದಿನ ಮಳೆಗೆ ಅಣಬೆ ಎದ್ದಿತು. "ಇದನ್ನೂ ಕಡ್ದು ಬೀಗರಿಗೆ ಕಳಿಸಿ," ಎಂದರು ಅಮ್ಮಾವ್ರು.

ನನಗೆ ಆ ಹೊತ್ತಿಗೆ ಪಿರಿಯಾಪಟ್ಟಣಕ್ಕೆ ವರ್ಗವಾಗಿತ್ತು. ಒಂದು ಮಳೆಗಾಲದ ಭಾನುವಾರ ನೋಡಿಕೊಂಡು ಬರೋಣವೆಂದು ಬಸ್ಸಿನಲ್ಲಿ ಹೋದೆ. ಅಮ್ಮಾವ್ರು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಯಜಮಾನರು ಹಿತ್ತಲಿನಲ್ಲಿ ಇದ್ದಾರೆಂದು ಗಲ್ಲದಲ್ಲಿ ತೋರಿಸಿದರು. ಹೋಗಿ ನೋಡಿದರೆ, ಗೋಣಿ ಸುತ್ತಿದ ದಿಮ್ಮಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ ಗೋಣಿಯ ತುದಿಯನ್ನು ಮೆಲ್ಲಗೆ ಎತ್ತಿ ಇಣುಕುತ್ತಿದ್ದರು.

"ನೀಲಿ ಬಂತೇ ಯಜಮಾನ್ರೇ?" ಎಂದೆ.

ಅವರು ತಿರುಗಿ ನನ್ನನ್ನು ನೋಡಿ ಮುಖ ಸಿಂಡರಿಸಿದರು. "ಎಲ್ಲಿ ಬಂತು ಮೇಷ್ಟ್ರೇ. ಆಳಾದ್ದು, ಬೆಳ್ಳಗೇ ಅದೆ."

ಹಾಲೆಯ ಮರ ಬೆಳ್ಳಗಿದೆಯೆಂದು ಅವರು ಬೈದದ್ದನ್ನು ಕೇಳಿದ ಒಬ್ಬನೇ ಮನುಷ್ಯ ನಾನಿರಬೇಕು. ಬೈದ ಮೇಲೆ ಅವರಿಗೂ ಅದು ಕೇಳಿಸಿತು. ಭುಜ ಅಲುಗಿತು.

ಜಗಲಿಯಿಂದ ಅಮ್ಮಾವ್ರು ಕೂಗಿದರು: "ಬೆಳ್ಳಗಿದ್ರೆ ಕುಯ್ಸಿ ತಗಂಬನ್ನಿ. ಗಡಿಯಾರ ಬಂದದೆ, ಲೇತಿಗೆ ಅಗ್ಗ ಕಟ್ಟಿವ್ನಿ."